ಏಳು ಕಾಲಿನ ಏಡಿ

ಹದಿನೈದು ಚೌಕ ಬಂದಾಗಿದೆ,
ಬೇಲೆಕೇರಿಯ ಈ ಓಣಿಯಲ್ಲಿ ಮನೆಗೊಂದರಂತೆ:
ಯಾರದೋ ಸೀರೆಯ ಸೆರಗು, ಯಾರದೋ ಲುಂಗಿ,
ಭಾಗೀರಥಕ್ಕನ ನೈಟಿಯ ಗುಲಾಬಿ ತೋಳು.
ಹದಿನಾರನೆಯದು ನಂದು ಎಂದು
ನಿನ್ನೆ ಉಣ್ಣದೆ ಕೂತಳು ಪ್ರಾಪ್ತಿ.
ಆರು ವರ್ಷ. ಮುಂದಿನ ಎರಡು ಹಲ್ಲಿಲ್ಲ.

ಮಂಗಳವಾರ ತಮ್ಮನ ಬಾರ್ಸೆ.
ಅವಳಮ್ಮ ಒಳಗೆ ಕೂಸಿನ ಪಕ್ಕ ಮಲಗಿದ್ದಾಳೆ.
ಅಜ್ಜಿಗೆ ಸೂಜಿಯ ಕಣ್ಣು ಕಾಣುವುದಿಲ್ಲ.
ಉಳಿದವನು ನಾನು, ಸೋದರಮಾವ,
ಗಾಳಿ ಜೋರೆಂದು ದೋಣಿ ಇಳಿಸದ ದಿನ
ಕೈಯಲ್ಲಿ ಕೆಲಸವಿಲ್ಲದವನು.

"ಮಾಮ, ನೀ ಬಲೆ ಹೊಲೀತಿಯಲ್ಲ, ಇದೂ ಅಷ್ಟೇ."

ಅಷ್ಟೇ ಅಲ್ಲ.
ಬಲೆಯೆಂದರೆ ತೂತು. ಮೂವತ್ತು ವರ್ಷ
ನಾನು ಮಾಡಿದ್ದೆಲ್ಲ ತೂತಿನ ಸುತ್ತ ದಾರ ಕಟ್ಟಿದ್ದು,
ಸಣ್ಣದು ಪಾರಾಗಲಿ, ದೊಡ್ಡದು ನಿಲ್ಲಲಿ ಅಂತ.
ಬೆರಳಿಗೆ ಗಂಟು ಗೊತ್ತು, ಬಟ್ಟೆ ಗೊತ್ತಿಲ್ಲ.
ಗೇಣುದ್ದದ ಬಲೆಸೂಜಿ ಹಿಡಿದ ಕೈಗೆ
ಈ ಸೂಜಿ ತಾರ್ಲೆಯ ಮುಳ್ಳು.
ಎರಡು ಸಲ ಬಿತ್ತು. ಎರಡು ಸಲವೂ
ಅವಳೇ ಹುಡುಕಿದಳು, ಚಾಪೆಗೆ ಕೆನ್ನೆ ಒತ್ತಿ.
ದಾರದ ತುದಿಗೆ ನಾನು ಎಂಜಲು ಹಚ್ಚಿದರೆ
"ಇಶ್ಶೀ" ಎಂದು, ತನ್ನದನ್ನೂ ಹಚ್ಚಿದಳು.

ಹೂವು ಸುಲಭ, ಎಂದೆ. ಮೀನೂ ಸುಲಭ,
ಒಂದು ಎಲೆ, ಒಂದು ಬಾಲ, ಮುಗೀತು.
"ಏಡಿ," ಎಂದಳು.
ಏಡಿಗೆ ಕಾಲೆಷ್ಟು ಗೊತ್ತೇನೇ?
"ಎಷ್ಟಿದ್ರೂ."

ದೋಣಿಯ ಹಳೆ ಬಾವುಟದ ತುದಿ ಸಿಕ್ಕಿತು.
ಬಿಸಿಲಿಗೆ, ಉಪ್ಪಿಗೆ ಕೆಂಪು ಇಳಿದು
ಬೆಂದ ಏಡಿಯದೇ ಬಣ್ಣ.
ಬದುಕಿದ್ದು ಹೀಗಿರುವುದಿಲ್ಲ ಎಂದು ನಾನು ಹೇಳಲಿಲ್ಲ.
ಲೋಟ ಬೋರಲು ಹಾಕಿ ಹೊಟ್ಟೆ ಗೀಚಿದೆವು,
ಕತ್ತರಿಸಿ ಚೌಕದ ಮೇಲಿಟ್ಟೆವು.
ಮುಳುಗುವಾಗಲೇ ಎಲ್ಲಿ ಏಳಬೇಕು ನೋಡಿಕೋ,
ನೀರುಕಾಗೆ ಹಾಗೆ, ಎಂದೆ.
ಪ್ರತಿ ಟಾಕಿಗೂ ಗಟ್ಟಿಯಾಗಿ ಹೇಳಿದಳು:
ಮುಳುಗ್ತು. ಎದ್ತು. ಮುಳುಗ್ತು.
ಒಂದು ಟಾಕು ಅಕ್ಕಿಕಾಳು,
ಮುಂದಿನದು ಹಲಸಿನ ಬೀಜ.

ಅವಳು ನೀರು ಕುಡಿಯಲು ಹೋದಾಗ
ತಡೆಯಲಾಗಲಿಲ್ಲ ನನಗೆ. ಬಲೆಯಲ್ಲಾದರೆ
ಒಂದು ಕಣ್ಣು ಸಡಿಲಾದರೆ ಬುಟ್ಟಿ ಬಂಗಡೆ ಹೋಯಿತು.
ಎರಡೇ ಟಾಕು ಬಿಚ್ಚಿ ಸರಿ ಮಾಡಿಟ್ಟೆ.
ಬಂದವಳು ಬೆರಳಾಡಿಸಿ, ಅಲ್ಲೇ ನಿಲ್ಲಿಸಿ,
"ಇದು ನಂದಲ್ಲ" ಎಂದಳು.
ಬಿಚ್ಚಿ ಕೊಟ್ಟೆ. ಮತ್ತೆ ಹಾಕಿದಳು,
ಮೊದಲಿನಷ್ಟೇ ಸೊಟ್ಟ.

ಇಕ್ಕಳ ಎರಡು. ಆ ಕಡೆ ಕಾಲು ನಾಲ್ಕು.
ಈ ಕಡೆ ಮೂರಕ್ಕೇ ಬಟ್ಟೆಯ ಅಂಚು ಬಂತು.
ಇನ್ನೊಂದು?
"ಮರಳೊಳಗಿದೆ."

ಮುಗೀತು ಎಂದು ಎದ್ದಳು.
ಏಡಿಯೂ ಎದ್ದಿತು.
ತೊಡೆಯ ಮೇಲಿಟ್ಟು ಹೊಲಿದದ್ದು
ಫ್ರಾಕಿಗೂ ಸೇರಿಬಿಟ್ಟಿದೆ, ಹೊಟ್ಟೆಯ ಸುತ್ತ ಪೂರ್ತಿ.
ಬಾರ್ಸೆಗೆಂದು ಅಂಕೋಲೆಯಿಂದ ತಂದ ಹಳದಿ ಫ್ರಾಕು,
ಕಳಚುವುದಿಲ್ಲ ಎಂದು ನಿನ್ನೆಯಿಂದ ತೊಟ್ಟದ್ದು.
ದಾರ ಕತ್ತರಿಸಲೆಂದು ಕತ್ತರಿ ತೆಗೆದೆ.
ಏಡಿಯ ಮೇಲೆ ಎರಡೂ ಅಂಗೈ ಇಟ್ಟಳು.
"ಇದು ಬೇಡ. ಫ್ರಾಕು ಕತ್ತರಿಸು."

ನಾನು ಬಾಗಿಲ ಕಡೆ ನೋಡಿದೆ. ಅವಳೂ ನೋಡಿದಳು.

ಈಗ ಹದಿನಾರರಲ್ಲಿ ಒಂದು ಚೌಕಕ್ಕೆ ಮಾತ್ರ
ಬೆನ್ನಿಗೆ ಹಳದಿ ಇದೆ. ಅವಳ ಮಡಿಲಲ್ಲಿ
ಲೋಟದ ಬಾಯಿಯಷ್ಟು ತೂತು.
ತೂತೆಂದರೆ ನನ್ನ ಕೆಲಸ.
ಗೋಡೆಯಿಂದ ಬಲೆಸೂಜಿ ಇಳಿಸಿ, ಅವಳನ್ನು ಎದುರಿಗೆ ನಿಲ್ಲಿಸಿ
ಅಂಚು ಹಿಡಿದು ಒಂದೊಂದೇ ಕಣ್ಣು ಕಟ್ಟುತ್ತಿದ್ದೇನೆ,
ನೀಲಿ ನೈಲಾನ್ ದಾರ, ಹಳದಿ ಫ್ರಾಕು.

"ಎಂತಾ, ಸದ್ದೇ ಇಲ್ಲ ಅಲ್ಲಿ?"
ಒಳಗಿನಿಂದ ಅವಳಮ್ಮ.

"ಎಂತಿಲ್ಲ," ಎಂದಳು ಪ್ರಾಪ್ತಿ, ಅಲುಗಾಡದೆ.
"ಮಾಮ ಬಲೆ ಕಟ್ತಾ ಇದ್ದಾನೆ."