ಎರಡನೇ ಸುತ್ತು

ಬರ್ಲಿನ್ನಿನ ವರ್ತುಲ ರೈಲಿಗೆ ಕೊನೆಯ ನಿಲ್ದಾಣವಿಲ್ಲ.
ಗೆಝುಂಟ್‌ಬ್ರುನೆನ್‌ನಲ್ಲಿ ಹತ್ತಿ ಸುಮ್ಮನೆ ಕೂತರೆ
ಗಂಟೆಯ ಮೇಲೆ ಮತ್ತೆ ಗೆಝುಂಟ್‌ಬ್ರುನೆನ್.
ಕುಡಿದವರಿಗೆ ಗೊತ್ತು ಇದು, ಚಳಿಗೆ ಒಳಗೆ ಬಂದವರಿಗೆ ಗೊತ್ತು,
ಮೊಲದ ಡಾಕ್ಟರಿಗೂ ಗೊತ್ತಿತ್ತು:
'ಮನೆಯಲ್ಲಿ ಕಚ್ಚಾಡುತ್ತವೆಯೇ? ಒಂದೇ ಬುಟ್ಟಿಗೆ ಹಾಕಿ,
ಗದ್ದಲವಿರುವ ಕಡೆ ಸುತ್ತಾಡಿಸಿ.
ಎರಡಕ್ಕೂ ಒಂದೇ ಹೆದರಿಕೆ ಹತ್ತಿದರೆ
ಅರ್ಧ ಕೆಲಸ ಆದ ಹಾಗೆ.'

ಹೀಗೆ ಫೆಬ್ರವರಿಯ ಈ ಭಾನುವಾರ
ಆ ಕಡೆ ಫೆನ್ಯಾ, ಈ ಕಡೆ ನಾನು,
ನಡುವಿನ ಸೀಟಿನಲ್ಲಿ ಬೆತ್ತದ ಬುಟ್ಟಿ.
ಒಳಗೆ ನನ್ನ ಶ್ರೌಬೆ, ಕಂದು ಬಣ್ಣದ ಮುದುಕ;
ಬಸ್ ಡಿಪೋದಲ್ಲಿ ನಟ್ಟು ಬೋಲ್ಟಿನ ಡಬ್ಬದಲ್ಲಿ ಮಲಗುತ್ತಿತ್ತು,
ಸ್ಕ್ರೂ ಅಂತಲೇ ಹೆಸರು ಬಿತ್ತು.
ಜೊತೆಗೆ ಅವಳ ಗ್ರೌಪೆಲ್, ಪುಡಿ ಆಲಿಕಲ್ಲಿನ ಹೆಸರಿನವಳು,
ಗಾತ್ರದಲ್ಲಿ ಅರ್ಧ, ಕೋಪದಲ್ಲಿ ದುಪ್ಪಟ್ಟು.

ಡಾರ್ಟೆಯ ಮನೆಗೆ ನಾನು ಬಂದದ್ದು ನವೆಂಬರಿನಲ್ಲಿ,
ಎರಡು ಪೆಟ್ಟಿಗೆ ಬಟ್ಟೆ, ಒಂದು ಕಾಫಿ ಯಂತ್ರ, ಒಂದು ಮೊಲ.
ಬಟ್ಟೆಗೆ ಜಾಗ ಸಿಕ್ಕಿತು.
ಕಾಫಿ ಯಂತ್ರದ ಗುಂಡಿಗಳನ್ನು ಮಗಳೇ ಒತ್ತಿ ನೋಡಿದಳು.
ಮೊಲದ ವಿಷಯಕ್ಕೆ ಬಂದರೆ ಮಾತ್ರ
ಅವಳು ಹಿಡಿದದ್ದಕ್ಕೆ ಮೂರೇ ಕಾಲು,
ನಾನು ಹಿಡಿದದ್ದಕ್ಕೂ ಮೂರೇ.

ಹನ್ನೊಂದು ವರ್ಷದವಳು ನನ್ನನ್ನು 'ನೀವು' ಅನ್ನುತ್ತಾಳೆ.
ಗೌರವದ ನೀವು ಅಲ್ಲ.
ಬ್ಯಾಂಕಿನ ಕೌಂಟರಿಗೆ ಗಾಜಿರುತ್ತದಲ್ಲ, ಆ ನೀವು.
'ಉಪ್ಪು ಕೊಡುತ್ತೀರಾ.'
'ನಿಮ್ಮ ಮೊಲ ನನ್ನ ಕಾಲುಚೀಲ ತಿಂದಿದೆ.'

ಫ್ರಾಂಕ್‌ಫುರ್ಟರ್ ಅಲೇ ಹತ್ತಿರ ಒಳಗೆ ಗುದ್ದಾಟ.
ಮುಚ್ಚಳದ ಸಂದಿಯಿಂದ ಒಂದು ಚಿಟಿಕೆ ತುಪ್ಪುಳ ಹಾರಿ
ಎದುರಿನವನ ಕಪ್ಪು ಕೋಟಿಗೆ ಅಂಟಿತು.
ಅವನು ಬಿಡಿಸಿದ, ಬೆಳಕಿಗೆ ಹಿಡಿದ,
ಜೇಬಿಗೆ ಹಾಕಿಕೊಂಡ. ಯಾಕೋ.

ಓಸ್ಟ್‌ಕ್ರಾಯ್ಟ್ಸ್‌ನಲ್ಲಿ ಜನ ನುಗ್ಗಿದರು,
ಸೈಕಲ್ಲು, ಕೈಗಾಡಿ, ಒದ್ದೆ ಮೈಯ ನಾಯಿ.
ನಾಯಿಗೆ ವಾಸನೆ ಹತ್ತಿತು.
ಬುಟ್ಟಿ ಉಸಿರು ಬಿಗಿಹಿಡಿಯಿತು.
ಫೆನ್ಯಾ ಕಾಲು ಚಾಚಿ ಅಡ್ಡ ಇಟ್ಟಳು, ನಾನೂ ಇಟ್ಟೆ.
ಬೂಟಿಗೆ ಬೂಟು ತಾಗಿತು.
ನಾಯಿ ಇದ್ದಷ್ಟು ಹೊತ್ತು ಯಾರೂ ಹಿಂದೆಗೆಯಲಿಲ್ಲ,
ಟ್ರೆಪ್ಟೋವರ್ ಪಾರ್ಕಿನಲ್ಲಿ ಅದು ಇಳಿದ ಮೇಲೆ ಹಿಂದೆಗೆದೆವು.

ಟೆಂಪಲ್‌ಹೋಫ್ ದಾಟಿದ ಮೇಲೆ ಟಿಕೆಟ್ ತಪಾಸಣೆಯಾಕೆ.
'ಇದರಲ್ಲಿ ಏನು?'
'ಮೊಲ.'
'ಎಷ್ಟು?'
ಫೆನ್ಯಾ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ನೋಡಿ,
'ಸದ್ಯಕ್ಕೆ ಎರಡು' ಅಂದಳು.
ಬುಟ್ಟಿಯ ಪ್ರಾಣಿಗೆ ಟಿಕೆಟ್ಟಿಲ್ಲ. ನಮ್ಮವು ಸರಿ ಇದ್ದವು.
ಆದರೂ ಆಕೆ ಹೋಗಲಿಲ್ಲ: 'ಮಗಳಾ?'
ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು
'ಅಲ್ಲ. ಇವರು ಗಂಡಿನ ಕಡೆಯವರು,
ನಾನು ಹೆಣ್ಣಿನ ಕಡೆ.'
ಆಕೆ ನಕ್ಕ ಸದ್ದು ಮುಂದಿನ ಡಬ್ಬಿಯವರೆಗೂ ಹೋಯಿತು.
ಇವಳು ನಗಲಿಲ್ಲ, ಕಿಟಕಿ ನೋಡಿದಳು.
ಕಿಟಕಿಯಲ್ಲಿ ಕಂಡಿತು, ನಕ್ಕಿದ್ದಳು.

ವೆಸ್ಟ್‌ಕ್ರಾಯ್ಟ್ಸ್‌ನ ತಿರುವಿನಲ್ಲಿ ಗಾಲಿ ಕಿರುಚಿದಾಗ
ನಾನು ಇಣುಕಿದೆ:
ಮುದುಕನ ಗದ್ದದ ಕೆಳಗೆ ಆಲಿಕಲ್ಲಿನ ತಲೆ.
ಪ್ರೀತಿಯಲ್ಲ, ಅಷ್ಟು ನನಗೂ ಗೊತ್ತು.
ಬಿಲವಿಲ್ಲದ ಕಡೆ
ಒಂದಕ್ಕೊಂದು ಬಿಲವಾಗಿದ್ದವು, ಅಷ್ಟೇ.
ಮನೆಗೆ ಹೋದರೆ ಮತ್ತೆ ಕಚ್ಚಬಹುದು.

ಗೆಝುಂಟ್‌ಬ್ರುನೆನ್ ಬಂತು.
ಬಾಗಿಲು ತೆರೆಯಿತು, ಹಿಮದ ಗಾಳಿ ಬಂದು ಮೊಣಕಾಲು ಮುಟ್ಟಿತು.
ಅವಳು ಏಳುತ್ತಾಳೆಂದು ನಾನು ಕಾದೆ,
ನಾನು ಏಳುತ್ತೇನೆಂದು ಅವಳು ಕಾದಿರಬೇಕು.
ಬಾಗಿಲು ಮುಚ್ಚಿತು.

ಶೋನ್‌ಹೌಸರ್ ಅಲೇ ಬರುವ ಮೊದಲು
ಅವಳು ತನ್ನ ಜಾಗ ಬಿಟ್ಟು ಬುಟ್ಟಿಯನ್ನು ತೊಡೆಗೆ ತೆಗೆದುಕೊಂಡು
ನಡುವಿನ ಸೀಟಿನಲ್ಲಿ ಕೂತಳು.
ಮುಖ ಬಗ್ಗಿಸಿಕೊಂಡೇ ಅಂದಳು:
'ಸ್ವಲ್ಪ ಸರಿ ನೀನು.'

ಮೊಲಕ್ಕೆ ಅಂದಳೋ ಏನೋ.
ಕೇಳಲು ಧೈರ್ಯವಾಗಲಿಲ್ಲ.
ನಾನು ಸರಿದೆ.
ಬುಟ್ಟಿಯೊಳಗೂ ಹುಲ್ಲು ಸರಸರ ಅಂದಿತು.