ಷರಾ

ಕ್ರಮ ಸಂಖ್ಯೆ: ನಲವತ್ತೊಂದು.
ಸರಕು: ಬಿಳಿ ವೈನ್, ಶಾರ್ಡನೇ.
ಊರು: ಟಾಸ್ಮೇನಿಯಾ.
ಒಡೆದದ್ದು: ಒಂದು.
ಕಾರಣ: ಕೈಜಾರಿ.
ಕೊನೆಯ ಕಾಲಮ್ಮು ಷರಾ.
ಅಲ್ಲಿ ‘ಏನೂ ಇಲ್ಲ’ ಅಂತ ಬರೆಯುವುದು ವಾಡಿಕೆ.

ಹದಿನಾಲ್ಕು ವರ್ಷದಿಂದ ವೈಟ್‌ಫೀಲ್ಡಿನ ಈ ಗೋಡೌನಿನಲ್ಲಿ
ಬಾಟಲಿಗಳ ಬೆನ್ನಿಗೆ ಚೀಟಿ ಅಂಟಿಸಿದ್ದೇನೆ.
ಎಷ್ಟು ಸಮುದ್ರ ದಾಟಿ ಬಂದರೂ
ಅವಕ್ಕೆ ಸಿಗುವ ಕನ್ನಡ ಒಂದೇ ಸಾಲು:
ಮದ್ಯಪಾನ ಆರೋಗ್ಯಕ್ಕೆ ಹಾನಿಕರ.
ನೆಂಟರನ್ನ ಹೊಸ್ತಿಲಲ್ಲೇ ನಿಲ್ಲಿಸಿ
ಬೈದು ಒಳಗೆ ಕರೆದ ಹಾಗೆ.

ಇವತ್ತು ಫಿಲೋಮಿನಾ ಕೈಯಿಂದ ಒಂದು ಜಾರಿತು.
ಸದ್ದು ಸಣ್ಣದು. ವಾಸನೆ ಸಣ್ಣದಲ್ಲ.
ಒರೆಸಲು ಬಂದ ಮುನಿಲಕ್ಷ್ಮಮ್ಮ
ಬಕೆಟ್ಟು ಹಿಡಿದು ಅಲ್ಲೇ ನಿಂತಳು:
‘ಯಾರ್ ಮನೇಲಿ ಬೆಣ್ಣೆ ಕಾಯಿಸ್ತವ್ರೆ?’

ಹೌದು, ಬೆಣ್ಣೆಯೇ.
ಕುದಿಯುವಾಗಿನದಲ್ಲ;
ಇಳಿಸುವ ಹೊತ್ತಿಗೆ ನುಗ್ಗೆಸೊಪ್ಪು ಹಾಕಿ
ಸೊಪ್ಪು ಗರಿಗರಿಯಾಗಿ ಸುಮ್ಮನಾದ ಮೇಲೆ
ಮುಚ್ಚಳ ಸರಿಸಿದರೆ ಬರುತ್ತದಲ್ಲ, ಅದು.
ಅದರ ಹಿಂದೆ ಒಂದು ಹುಳಿ.
ಹುಣಿಸೆಯದಲ್ಲ, ಮಾವಿನಕಾಯಿಯದಲ್ಲ,
ಹೇರಳೆಕಾಯಿ ಸಿಪ್ಪೆಗೆ ಉಗುರು ತಾಗಿದಾಗ
ಕಣ್ಣಿಗೇ ಸಿಡಿಯುವಂಥದ್ದು.
ಅದಕ್ಕೂ ಹಿಂದೆ, ಮರ.

ಯಾವ ಮರ?
ಓಕ್, ಅನ್ನುತ್ತದೆ ಕಾಗದ.
ನಮಗೆ ಗೊತ್ತಿರುವುದು ಸಿಲ್ವರ್ ಓಕು,
ಹೆಸರಿಗೆ ಮಾತ್ರ ಓಕು,
ಪಕ್ಕದ ಮನೆಯವರನ್ನ ಮಾವ ಅಂದ ಹಾಗೆ.
ನಿಜವಾದದ್ದರ ಪೀಪಾಯಿಯೊಳಗೆ ಬೆಂಕಿ ಹಾಕಿ
ಮೈ ಕಂದುವವರೆಗೆ ಸುಡುತ್ತಾರಂತೆ.
ಆಮೇಲೆ ರಸವನ್ನ ಅದರೊಳಗೆ ಹತ್ತು ತಿಂಗಳು,
ನವಮಾಸ ತುಂಬಿ ಮೇಲೊಂದು.
ಹೊಸ ಮಡಕೆಯ ನೀರು ಮೊದಲ ವಾರ
ಮಣ್ಣಿನ ಮಾತನ್ನೇ ಆಡುತ್ತದಲ್ಲ,
ಇದೂ ಹಾಗೆ, ಮರದ ಮಾತು.

ಆ ದ್ವೀಪದ ಗಾಳಿ
ಮಂಜಿನ ಖಂಡದ ಕಡೆಯಿಂದ ಬರುತ್ತದಂತೆ,
ನಡುವೆ ತಡೆಯಲು ಒಂದು ಗುಡ್ಡವೂ ಇಲ್ಲ.
ದ್ರಾಕ್ಷಿಗೆ ಅವಸರವಿಲ್ಲ.
ನಾವು ಯುಗಾದಿಯ ಹೂರಣ ರುಬ್ಬುವಾಗ
ಅವರು ಸ್ವೆಟರು ಹಾಕಿಕೊಂಡು ಕೊಯ್ಲಿಗೆ ಇಳಿಯುತ್ತಾರೆ.

ನಮ್ಮಪ್ಪ ದೊಡ್ಡಬಳ್ಳಾಪುರದ ದಾರಿಯಲ್ಲಿ
ಬೆಂಗಳೂರು ನೀಲಿ ಬೆಳೆಯುತ್ತಿದ್ದ.
ಕಲ್ಲುಕಂಬ, ತಂತಿ ಚಪ್ಪರ, ವರ್ಷಕ್ಕೆ ಎರಡು ಫಸಲು,
ಬಾಯಿಗೆ ಸಿಗದೆ ಸಿಪ್ಪೆಯಿಂದ ನುಣುಚುವ ತಿರುಳು.
ಕೀಳುವ ಮುಂಚೆ ಒಂದು ಹಣ್ಣು ಬಾಯಿಗೆ ಹಾಕಿ
ತಿರುಳು ಉಗಿದು ಬೀಜ ಕಡಿಯುತ್ತಿದ್ದ.
ಕಟಕ್ ಅಂದರೆ ನಾಳೆ ಕೊಯ್ಲು.
ಮೆತ್ತಗಿದ್ದರೆ, ಸುಮ್ಮನೆ ಹೆಗಲ ಮೇಲೆ ಟವಲು ಹಾಕಿ
ಮನೆ ಕಡೆ.
ಅಲ್ಲಿಯೂ ಯಾರೋ ಒಬ್ಬ
ಆ ಗಾಳಿಗೆ ಕಿವಿ ಮುಚ್ಚಿಕೊಂಡು
ಹೀಗೇ ಬೀಜ ಕಡಿದಿರಬೇಕು.

ನಾನು ಕುಡಿಯುವವಳಲ್ಲ.
ತಳದ ಅರ್ಧ ಬಾಟಲಿ ನೆಟ್ಟಗೆ ನಿಂತಿತ್ತು,
ಅದರಲ್ಲಿ ಎರಡು ಬೆರಳು ಬಂಗಾರ.
ಚೂರು ನೋಡಿಕೊಂಡು ಕಿರುಬೆರಳು ಅದ್ದಿದೆ,
ನಾಲಿಗೆಗೆ ಇಟ್ಟೆ.
ಮೊದಲು ತಣ್ಣಗೆ. ಆಮೇಲೆ ಬೆಣ್ಣೆ, ಸುಟ್ಟ ಮರ.
ಎಲ್ಲ ಹೋದ ಮೇಲೆ
ಒಂದನೇ ಕ್ಲಾಸಿನಲ್ಲಿ ಕದ್ದು ತಿಂದ ಬಳಪ.

ಇರುದಯರಾಜ್ ಸಾರ್ ಒಮ್ಮೆ ಇಂಥದ್ದಕ್ಕೇ
ಇಂಗ್ಲಿಷಿನಲ್ಲಿ ನಾಲ್ಕು ಸಾಲು ಓದಿ ಹೇಳಿದ್ದರು.
ಅರ್ಥವಾಗಿರಲಿಲ್ಲ.
ನಮಗೆ ಮೂರಕ್ಷರ ಸಾಕಿತ್ತು.
ಷರಾ ಕಾಲಮ್ಮಿನಲ್ಲಿ ಗುಂಡಗೆ ಬರೆದೆ:
ಒಗರು.

ಮೂರು ಗಂಟೆಗೆ ಎಕ್ಸೈಸಿನವರು ಬಂದರು.
ಅಷ್ಟರಲ್ಲಿ ಫಿನಾಯಿಲು ಹಾಕಿಯಾಗಿತ್ತು.
ಪುಸ್ತಕ ತಿರುವಿದರು, ಕನ್ನಡಕ ಏರಿಸಿದರು,
‘ಏನಮ್ಮಾ, ಒಡಕು ಅಂತ ಬರೆಯೋಕೂ ಬರಲ್ವಾ?’
ಕೆಂಪು ಪೆನ್ನಿನಲ್ಲಿ ಎರಡಕ್ಷರ ಹೊಡೆದು
ಮೇಲೆ ತಿದ್ದಿ, ರುಜು ಹಾಕಿದರು.

‘ಒ’ ಮಾತ್ರ ನನ್ನದು, ಹಾಗೇ ಇದೆ.