ಅಳೆದು ಸುರಿ

ತಿಂಗಳಿಗೆ ಇಷ್ಟೇ ಎಂದು ಅಳೆದು ಕೊಡುತ್ತಾರೆ
ಚಿಲೊಯೆಯ ಪಕ್ಕದ ಈ ತುಂಡು ದ್ವೀಪಕ್ಕೆ, ಆಕಾಶದಿಂದ, ಡೇಟಾ.
ಇಪ್ಪತ್ತನೇ ತಾರೀಕಿಗೇ ಖಾಲಿ.
ಆಮೇಲೆ ಆಸ್ಪತ್ರೆಯ ಎಕ್ಸ್‌ರೇ ದೋಣಿಯಲ್ಲೇ ಹೋಗಬೇಕು
ಕಾಸ್ತ್ರೋ ಪೇಟೆಗೆ, ಮೀನಿನ ಬುಟ್ಟಿಯ ಪಕ್ಕ ಕೂತು.
"ಯಾರು ಕುಡೀತಿದಾರೆ ಇದನ್ನ?" ಕೇಳಿದಳು ನರ್ಸ್ ರೋಸೆಲಿಯಾ,
ನಾನೇ ಕುಡಿದವಳೆಂಬಂತೆ ನನ್ನ ಮುಖ ನೋಡಿ.

ಒಂದು ಭಾನುವಾರ
ಔಷಧಿ ಕಪಾಟಿನ ಕೆಳಗೆ ಗೊರಕೆ ಹೊಡೆಯುವ ಸರ್ವರಿನೆದುರು
ಮಂಡಿಯೂರಿ, ಪುಟ್ಟ ಪ್ಯಾಕೇಜೊಂದನ್ನು ಇಳಿಸಿದೆ.
ಅದಕ್ಕೂ ಡೇಟಾ ಬೇಕಲ್ಲ;
ಕಳ್ಳನ ಹಿಡಿಯಲು ಬಂದವನಿಗೂ ಊಟ ಹಾಕಬೇಕು.
ಕರಿಪರದೆಯ ಮೇಲೆ ನಾಲ್ಕು ಸಾಲು ಓಡಿ ನಿಂತವು.
ಲೆಕ್ಕ ಕೇಳಿದೆ. ಉತ್ತರ ಬಂತು:
ಇನ್ನೂ ಹೇಳುವಷ್ಟು ಗೊತ್ತಿಲ್ಲ.

ಇಷ್ಟು ಪ್ರಾಮಾಣಿಕವಾಗಿ ನನ್ನೊಡನೆ
ಈ ದ್ವೀಪದಲ್ಲಿ ಯಾರೂ ಮಾತಾಡಿರಲಿಲ್ಲ.

ಎರಡು ದಿನ ಸೊನ್ನೆ. ಬರೀ ಸೊನ್ನೆ.
ತಂತಿಯೇ ಇಲ್ಲದ ಇಂಟರ್ಫೇಸಿನ ಹೊಸ್ತಿಲಲ್ಲಿ ಕೂರಿಸಿದ್ದೆ ಅದನ್ನು.
ಎಬ್ಬಿಸಿ, ಸರಿಯಾದ ಬಾಗಿಲಿಗೆ ಕರೆತಂದು,
ಬಿಲ್ಲಿನ ತಿಂಗಳು ಮೂರಕ್ಕೆ ಶುರು, ಒಂದಕ್ಕಲ್ಲ
ಎಂದು ಹೇಳಿಕೊಟ್ಟೆ.

ಕೆಲಸ ಹಿಡಿದ ಮೇಲೆ ಅದು ಸುಂಕದ ಕಟ್ಟೆಯ ಮುದುಕ:
ಒಳಬಂದದ್ದೆಷ್ಟು, ಹೊರಹೋದದ್ದೆಷ್ಟು,
ಮೂಟೆ ಬಿಚ್ಚುವುದಿಲ್ಲ, ತೂಕ ಮಾತ್ರ.
ಒಳಗಿರುವುದು ಪ್ರೇಮಪತ್ರವೋ ಹೆರಿಗೆಯ ವರದಿಯೋ,
ಸುಂಕದವನ ಮುಂದೆ ಸುಖದುಃಖ ಯಾರು ಹೇಳಿಕೊಂಡಾರು.

ಗಂಟೆಗೊಂದು ಕಡ್ಡಿ ಏಳುತ್ತದೆ, ಬೀಳುತ್ತದೆ.
ದಿನವೂ ಆರಕ್ಕೆ ಮಾತ್ರ ಒಂದು ಗಳು.
ಆರಕ್ಕೆ ಯಾರು? ಶಾಲೆಗೆ ಬೀಗ. ರೋಸೆಲಿಯಾ ನಿದ್ದೆಯಲ್ಲಿ.
ಮೂರು ಬೆಳಗು ಚಳಿಯಲ್ಲಿ ಕಾವಲು ಕೂತ ಮೇಲೆ ಹೊಳೆಯಿತು:
ಈ ಪೆದ್ದು ಪೆಟ್ಟಿಗೆಯ ಗಡಿಯಾರ ಇನ್ನೂ
ಲಂಡನ್ನಿನ ಹತ್ತಿರವೆಲ್ಲೋ ಬದುಕುತ್ತಿದೆ;
ಅದರ ಆರು, ನಮ್ಮ ಸರಿರಾತ್ರಿ ಮೂರು.

ಸ್ವಿಚ್ಚಿನಲ್ಲಿ ಒಂಬತ್ತು ತಂತಿ.
ರಾತ್ರಿಗೊಂದರಂತೆ ಕಿತ್ತು ಕಾದೆ.
ಏಳನೇ ರಾತ್ರಿ ಗಳು ಏಳಲಿಲ್ಲ.
ತಂತಿಯ ಕತ್ತಿಗೆ ಗಾಯದ ಪಟ್ಟಿ, ಅದರ ಮೇಲೆ
ದೊನ್ ಎರ್ಮೊಹೆನೆಸ್‌ನ ಓರೆ ಅಕ್ಷರ: ದೋಣಿಕಟ್ಟೆ.
ಆತ ತೀರಿಕೊಂಡು ಒಂದು ವರ್ಷ, ಮೇಲೆ ಮೂರು ತಿಂಗಳು.

ಸತ್ತವರಿಗೆ ಡೇಟಾ ಯಾಕೆ ಎಂದು ತಂತಿ ಹಾಗೇ ಬಿಟ್ಟೆ.
ಗೆದ್ದ ಖುಷಿಗೆ ಎರಡು ಲೋಟ ಸೇಬಿನ ಚಿಚಾ.

ಎಂಟಕ್ಕೆ ಬಾಗಿಲು ಬಡಿದರು,
ಮೊಣಕಾಲುದ್ದ ಬೂಟಿನ ನಹುಯೆಲ್ಕಿನ್ ಅಣ್ಣತಮ್ಮಂದಿರು,
ಹಿಂದೆ ಕಡಲಪಾಚಿ ಆಯುವ ಹೆಂಗಸರು.
"ಎದುವಿನಾ, ಇವತ್ತಿನ ಕಾಗದ ಎಲ್ಲಿ?"
"ಯಾವ ಕಾಗದ?"
ಕರೆದೊಯ್ದು ತೋರಿಸಿದರು: ದೋಣಿಕಟ್ಟೆಯ ಶೆಡ್ಡಿನಲ್ಲಿ
ಹಳೆಯ ಕಂಪ್ಯೂಟರು, ಉಪ್ಪು ತಿಂದ ಪ್ರಿಂಟರು;
ಬೆಳಕು ಹರಿಯುವ ಮೊದಲೇ ತಾನಾಗಿ
ಉಬ್ಬರ ಎಷ್ಟಕ್ಕೆ, ಇಳಿತ ಎಷ್ಟಕ್ಕೆ, ಗಾಳಿ ಯಾವ ಕಡೆ ಎಂದು
ದಿನಕ್ಕೊಂದು ಹಾಳೆ ಉಗುಳುವುದು.
ಯಾರು ಕಳಿಸುವುದೆಂದು ಯಾರೂ ಕೇಳಿರಲಿಲ್ಲ.
ಕಡಲೇ ಕಳಿಸಿತೆಂಬಂತೆ ಓದಿ, ಹುಟ್ಟು ಹೆಗಲಿಗೇರಿಸಿ ಹೋಗುತ್ತಿದ್ದರು.

ಆ ಒಂದು ಹಾಳೆಗಾಗಿ ಎರ್ಮೊಹೆನೆಸ್
ಇಡೀ ದಕ್ಷಿಣ ಕಡಲಿನ ಚಿತ್ರಗಳನ್ನು ರಾತ್ರಿರಾತ್ರಿ ಇಳಿಸುತ್ತಿದ್ದ,
ಆರುನೂರು ಮೆಗಾಬೈಟು.
ಬೇಕಿದ್ದದ್ದು ಹನ್ನೊಂದು ಸಾಲು.
ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ;
ಈತ ಕಡಲನ್ನೇ ತಲೆಗೆ ಸುರಿದುಕೊಂಡಿದ್ದ.
ಅವನ ಪಾಸ್‌ವರ್ಡು ಊಹಿಸಲು ಒಂದು ಮಧ್ಯಾಹ್ನ ಹಿಡಿಯಿತು:
ದೋಣಿಯ ಹೆಸರು, ಹಿಂದುಮುಂದಾಗಿ.
ಚಿತ್ರ ತೆಗೆದೆ, ಅಕ್ಷರ ಉಳಿಸಿದೆ, ತಂತಿ ಮತ್ತೆ ಚುಚ್ಚಿದೆ.
ಪಟ್ಟಿ ಬಿಚ್ಚಲಿಲ್ಲ.

ಈ ಸಲ ಎರಡನೇ ತಾರೀಕಿನವರೆಗೂ ಉಳಿಯಿತು ಡೇಟಾ.
ಎಕ್ಸ್‌ರೇಗಳು ದೋಣಿ ಹತ್ತುತ್ತಿಲ್ಲ.
ರೋಸೆಲಿಯಾ ಒಂದು ಬುಟ್ಟಿ ಆಲೂಗಡ್ಡೆ ತಂದಿಟ್ಟಳು, ಮಾತಿಲ್ಲದೆ.

ಗಡಿಯಾರವನ್ನು ನಮ್ಮೂರಿಗೆ ತಿರುಗಿಸಬೇಕು. ತಿರುಗಿಸಿಲ್ಲ.
ಕೆಲವು ರಾತ್ರಿ ಎಚ್ಚರವಾದರೆ ಪರದೆ ತೆರೆಯುತ್ತೇನೆ.
ಹನ್ನೊಂದು ಸಾಲಿಗೆ ಕಡ್ಡಿ ಏಳುವುದಿಲ್ಲ.
ಆದರೂ ಆರರ ಎದುರು,
ದಶಮಾಂಶದ ಚುಕ್ಕೆಯಾಚೆ, ಮೂರನೇ ಮನೆಯಲ್ಲಿ
ಒಂದು ಅಂಕಿ.